ಹುಟ್ಟು ಹಾಕಿ ದಣಿದವನ ಸಿಟ್ಟು

ಇವತ್ತು ಒಂದು ಪ್ರಶ್ನೆ ಇಟ್ಟುಕೊಂಡು ಬಂದಿದ್ದೇನೆ. ನಾನು ಕಷ್ಟಪಟ್ಟಿದ್ದೇನೆ, ಆದ್ದರಿಂದ ಫಲ ಬರಲೇಬೇಕು ಅಂತ ಕೇಳುವ ಹಕ್ಕು ನನಗಿದೆಯಾ? ತಕ್ಷಣ 'ಇಲ್ಲ ಪಾಸ್ಟರ್' ಅನ್ನಬೇಡಿ. ಭಾನುವಾರ ಎಲ್ಲರೂ ಹಾಗೇ ಅನ್ನುತ್ತಾರೆ. ಆಫೀಸಿನಲ್ಲಿ ಅಪ್ರೈಸಲ್ ಆದ ದಿನ ಸಾಯಂಕಾಲ ಕೇಳಿದರೆ ಉತ್ತರ ಬೇರೆ ಇರುತ್ತೆ.

ನಮ್ಮ ಸಭೆಯ ಒಬ್ಬ ತಮ್ಮ ಪುಣೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. ಹತ್ತೊಂಬತ್ತು ವಯಸ್ಸು. ಹೆಸರು ಹೇಳಲ್ಲ, ಆದರೆ ವಿಷಯ ಹೇಳೋದಕ್ಕೆ ಅವನೇ ಒಪ್ಪಿದ್ದಾನೆ. ಅಲ್ಲಿ ಹೋದ ಮೇಲೆ ರೋಯಿಂಗ್ ಶುರು ಮಾಡಿದ. ಬೆಳಿಗ್ಗೆ ಐದಕ್ಕೆ ಎದ್ದು ಮುಳಾ ನದಿಗೆ ಹೋಗಿ ಹುಟ್ಟು ಹಾಕೋದು. ಅಂಗೈ ತುಂಬ ಬೊಬ್ಬೆ. ನೀರಿಗಿಳಿಯದ ದಿನ ಎರ್ಗ್. ಜಿಮ್ಮಿನಲ್ಲಿ ನೋಡಿರುತ್ತೀರಿ, ಕೂತು ಸರಪಳಿ ಎಳೆಯುವ ಯಂತ್ರ. ಅದರ ಮುಂದೆ ಒಂದು ಸಣ್ಣ ಪರದೆ ಇರುತ್ತೆ. ಆ ಪರದೆ ಸುಳ್ಳು ಹೇಳಲ್ಲ, ಮುಲಾಜೂ ನೋಡಲ್ಲ.

ಮೊದಲ ಸಲ 2000 ಮೀಟರ್ ಎಳೆದಾಗ ಅವನಿಗೆ 9 ನಿಮಿಷ 20 ಸೆಕೆಂಡ್ ಹಿಡಿಯಿತು. ಎರಡು ತಿಂಗಳಲ್ಲಿ 8 ನಿಮಿಷ 40 ಸೆಕೆಂಡ್. ನಲವತ್ತು ಸೆಕೆಂಡ್ ಇಳಿಯಿತು! ಮನೆಗೆಲ್ಲ ಫೋನ್ ಮಾಡಿ ಹೇಳಿದ. ಇನ್ನು ನಲವತ್ತು ಇಳಿಸಿದರೆ ಎಂಟು ನಿಮಿಷ, ಅಷ್ಟಾದರೆ ಟೀಮಿನಲ್ಲಿ ಜಾಗ. ಆಮೇಲೆ ನಾಲ್ಕು ತಿಂಗಳಾಯಿತು. ಅದೇ ಐದು ಗಂಟೆಗೆ ಎದ್ದ, ಅಷ್ಟೇ ಬೆವರು ಸುರಿಸಿದ. ಸಂಖ್ಯೆ 8 ನಿಮಿಷ 29 ಸೆಕೆಂಡಿಗೆ ಬಂದು ಕೂತುಬಿಟ್ಟಿತು.

ರಜೆಗೆ ಬಂದಾಗ ನನ್ನ ಹತ್ತಿರ ಬಂದು, "ಪಾಸ್ಟರ್, ಬ್ರೇಕ್‌ಥ್ರೂಗೋಸ್ಕರ ಪ್ರೇಯರ್ ಮಾಡಿ" ಅಂದ. ಮಾಡಿದೆ. ಆದರೆ ಪ್ರಾಮಾಣಿಕವಾಗಿ ಹೇಳ್ತೀನಿ, ಎರ್ಗ್ ಮೇಲೆ ಕೈಯಿಟ್ಟು ಪ್ರಾರ್ಥಿಸಿದರೆ ಸೆಕೆಂಡ್ ಇಳಿಯುತ್ತೆ ಅಂತ ನಾನು ಎಲ್ಲೂ ಓದಿಲ್ಲ. (ನಗ್ತಿದ್ದೀರಿ. ನಿಮ್ಮಲ್ಲಿ ಎಷ್ಟು ಜನ ರಿಸಲ್ಟ್ ಬರುವ ರಾತ್ರಿ ಲ್ಯಾಪ್‌ಟಾಪ್ ಮೇಲೆ ಕೈಯಿಟ್ಟಿದ್ದೀರಿ, ನನಗೆ ಗೊತ್ತು.)

ಆಮೇಲೆ ಇಬ್ಬರೂ ಕೂತು ಲೆಕ್ಕ ಹಾಕಿದೆವು. ಅವನೇ ನನಗೆ ಕಲಿಸಿದ ಲೆಕ್ಕ ಇದು. ದೋಣಿ ಜೋರಾಗಿ ಹೋದಷ್ಟೂ ನೀರು ಜೋರಾಗಿ ತಡೆಯುತ್ತೆ. ಎರಡರಷ್ಟು ವೇಗ ಬೇಕಾದರೆ ಹೆಚ್ಚುಕಡಿಮೆ ಎಂಟರಷ್ಟು ಶಕ್ತಿ ಹಾಕಬೇಕು. ಎರ್ಗ್ ಕೂಡ ಅದೇ ನಿಯಮದಲ್ಲಿ ಎಣಿಸುತ್ತೆ. 9 ನಿಮಿಷ 20 ಸೆಕೆಂಡಿಗೆ ಸುಮಾರು 128 ವ್ಯಾಟ್ ಸಾಕು. 8 ನಿಮಿಷ 40 ಸೆಕೆಂಡಿಗೆ 159. ಎಂಟು ನಿಮಿಷಕ್ಕೆ 203. ಅಂದರೆ ಮೊದಲ ನಲವತ್ತು ಸೆಕೆಂಡಿಗೆ ಅವನು ಕೊಟ್ಟ ಬೆಲೆ 31 ವ್ಯಾಟ್. ಮುಂದಿನ ನಲವತ್ತಕ್ಕೆ 44. ಸೆಕೆಂಡು ಅಷ್ಟೇ, ಬೆಲೆ ಹೆಚ್ಚು. ಜೊತೆಗೆ ಆ ಮೊದಲ ಲಾಭದಲ್ಲಿ ದೊಡ್ಡ ಪಾಲು ಬಂದದ್ದು ಕೈಯಲ್ಲಿ ಎಳೆಯೋದು ಬಿಟ್ಟು ಕಾಲಿನಿಂದ ಒದೆಯೋದು ಕಲಿತದ್ದರಿಂದ. ಅದನ್ನು ಒಂದು ಸಲ ಕಲಿತರೆ ಮುಗೀತು. ಇನ್ನುಳಿದದ್ದು ಹೃದಯ, ಶ್ವಾಸ, ಸ್ನಾಯು ನಿಧಾನಕ್ಕೆ ಬದಲಾಗುವ ಕೆಲಸ. ಅದು ವರ್ಷಗಳ ಕೆಲಸ.

ಈ ಲೆಕ್ಕದಿಂದ ಅವನಿಗೆ ಸ್ವಲ್ಪ ಸಮಾಧಾನ ಆಯಿತು. ಆದರೂ ಮುಖ ಅರಳಲಿಲ್ಲ. "ಇನ್ನೇನಿದೆ ತಮ್ಮಾ?" ಅಂದೆ. ಆಗ ನಿಜವಾದ ವಿಷಯ ಬಂತು.

ಇಬ್ಬರ ದೋಣಿಯಲ್ಲಿ ಅವನ ಜೊತೆಗೆ ಒಬ್ಬ ಜೂನಿಯರ್ ಹುಡುಗ ಇದ್ದ. ಅವನಿಗಿಂತ ಹೊಸಬ. ರೋಯಿಂಗ್‌ನಲ್ಲಿ ಮುಖ ಹಿಂದಕ್ಕೆ, ದೋಣಿ ಮುಂದಕ್ಕೆ. ಹೋಗುವ ದಿಕ್ಕು ಬೆನ್ನಿಗೆ ಇರುತ್ತೆ. ಕಣ್ಣಿಗೆ ಕಾಣೋದು ಎದುರು ಕೂತವನ ಬೆನ್ನು ಮಾತ್ರ. ನಾಲ್ಕು ತಿಂಗಳು ಇವನು ಆ ಬೆನ್ನನ್ನೇ ನೋಡಿದ. ನನ್ನ ಶ್ರಮ ಎಲ್ಲಿ ಸೋರಿಹೋಗ್ತಿದೆ ಅಂತ ಹುಡುಕುವವನಿಗೆ ಎದುರಿಗಿರುವ ಬೆನ್ನು ಬಹಳ ಅನುಕೂಲ. ಒಂದು ಬೆಳಿಗ್ಗೆ ಆ ಹುಡುಗನ ಹುಟ್ಟು ನೀರಲ್ಲಿ ಸಿಕ್ಕಿಕೊಂಡು ದೋಣಿ ನಿಂತಿತು. ಇದಕ್ಕೆ 'ಕ್ರ್ಯಾಬ್' ಅಂತಾರೆ, ಹೊಸಬರಿಗೆಲ್ಲ ಆಗುತ್ತೆ. ಇವನು ದಡದಲ್ಲಿ ಎಲ್ಲರ ಎದುರಿಗೆ, "ನಿನ್ನಿಂದ ನಾನು ಹಾಳಾದೆ. ನೀನು ಇದಕ್ಕೆ ಹುಟ್ಟಿದವನಲ್ಲ" ಅಂದುಬಿಟ್ಟ. ಮರುದಿನದಿಂದ ಆ ಹುಡುಗ ಬರಲಿಲ್ಲ.

ಈಗ ಮೊದಲ ಪ್ರಶ್ನೆಗೆ ಬರೋಣ. ಆಸೆ ಪಡೋದು ತಪ್ಪಲ್ಲ. ಎಂಟು ನಿಮಿಷದ ಆಸೆ ಒಳ್ಳೆಯ ಆಸೆ. ಬೇಸರವೂ ಪಾಪ ಅಲ್ಲ, ಅದು ನೋವು. ಆದರೆ ಆಸೆ ಒಂದು ಕಡೆ ಸದ್ದಿಲ್ಲದೆ ಸಾಲಪತ್ರ ಆಗಿಬಿಡುತ್ತೆ. ನಾನು ಇಷ್ಟು ಕೊಟ್ಟಿದ್ದೇನೆ, ನನಗೆ ಇಷ್ಟು ಬರಬೇಕು. ನೀರಿನ ಹತ್ತಿರ ಆ ಸಾಲ ವಸೂಲಿ ಮಾಡಕ್ಕಾಗಲ್ಲ, ಎರ್ಗ್ ಹತ್ತಿರವೂ ಆಗಲ್ಲ. ಹಾಗಾಗಿ ಹತ್ತಿರದಲ್ಲಿ ಯಾರು ಸಿಗ್ತಾರೋ ಅವರ ಕುತ್ತಿಗೆಗೆ ಕೈ ಹಾಕ್ತೀವಿ. ಮನೆಯಲ್ಲಿ ತಾಯಿ, ಆಫೀಸಿನಲ್ಲಿ ಜೂನಿಯರ್, ದೋಣಿಯಲ್ಲಿ ಎದುರಿನ ಬೆನ್ನು. ಕೆಲವರು ತಮ್ಮ ಕುತ್ತಿಗೆಗೇ ಹಾಕಿಕೊಳ್ತಾರೆ, ಅದೂ ವಸೂಲಿಯೇ.

ಒಂದು ವಿಚಿತ್ರ ಕೇಳಿ. ರೋಯಿಂಗ್‌ನಲ್ಲಿ ಹುಟ್ಟು ಎಳೆಯುವಾಗ ದೋಣಿಯ ವೇಗ ಅತಿ ಹೆಚ್ಚು ಇರುತ್ತೆ ಅಂದುಕೊಳ್ತೀವಿ. ಹಾಗಲ್ಲ. ಎಳೆದು ಮುಗಿಸಿ, ಹುಟ್ಟನ್ನು ನೀರಿನಿಂದ ಎತ್ತಿ, ಚಕ್ರದ ಸೀಟಿನ ಮೇಲೆ ಮತ್ತೆ ಮುಂದಕ್ಕೆ ಜಾರುವಾಗ ದೋಣಿ ಅತಿ ಜೋರಾಗಿ ಓಡುತ್ತೆ. ಸಿಟ್ಟಿನಲ್ಲಿ ಅವಸರದಿಂದ ಜಾರಿ ಬಂದರೆ ನಿಮ್ಮ ಭಾರವೇ ದೋಣಿಗೆ ಬ್ರೇಕ್. ಅದಕ್ಕೇ ಕೋಚ್ ಅವನಿಗೆ ನಿಮಿಷಕ್ಕೆ 18 ಸ್ಟ್ರೋಕ್ ಮಾತ್ರ ಹಾಕು, ನಿಧಾನ ಬಾ ಅಂತ ವಾರಗಟ್ಟಲೆ ಹೇಳುತ್ತಿದ್ದರು. ಇವನಿಗೆ ಅದು ಶಿಕ್ಷೆ ಅನಿಸಿತ್ತು. ಜೂನಿಯರ್ ಹುಡುಗನೇ ದೋಣಿ ನಿಲ್ಲಿಸ್ತಿದ್ದಾನೆ ಅಂತ ಅಂದುಕೊಂಡಿದ್ದ. ಆಮೇಲೆ ಯಾರೋ ದಡದಿಂದ ತೆಗೆದ ವಿಡಿಯೊ ನೋಡಿದರೆ, ಅವಸರದಲ್ಲಿ ಜಾರುತ್ತಿದ್ದವನು ತಾನೇ.

ಹಿರಿಯರು ಒಳ್ಳೆಯ ಮನಸ್ಸಿನಿಂದ ಅವನಿಗೆ ದತ್ತು ಭೋಕನಳ್ ಕಥೆ ಹೇಳಿದ್ದರಂತೆ. ಮಹಾರಾಷ್ಟ್ರದ ನಾಸಿಕ್ ಜಿಲ್ಲೆಯ ಬರದ ಊರಿನವರು, ಬಾವಿ ತೋಡುವ ಕೂಲಿ ಮಾಡುತ್ತಿದ್ದವರು. ಸೇನೆ ಸೇರಿದ ಮೇಲೆ ಪುಣೆಯಲ್ಲಿ ರೋಯಿಂಗ್ ಕಲಿತರು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ 13ನೇ ಸ್ಥಾನ. ನಮ್ಮ ಹುಡುಗನಿಗೆ ಇದರಿಂದ ಧೈರ್ಯ ಬರಲಿಲ್ಲ, ಹೊಟ್ಟೆ ಉರಿಯಿತು. ನಾವು ಸಾಕ್ಷಿ ಹೇಳುವಾಗ ಕೊನೆಯಲ್ಲಿ ಪದಕ ಇರಲೇಬೇಕು ಅಂತ ಅಭ್ಯಾಸ ಮಾಡಿಕೊಂಡಿದ್ದೇವೆ. ಪದಕ ಸಿಗದವನು ಆ ಸಾಕ್ಷಿ ಕೇಳಿ ಏನು ಮಾಡಬೇಕು? ನಾನೂ ಈ ವೇದಿಕೆಯಲ್ಲಿ ಆ ತಪ್ಪು ಮಾಡಿದ್ದೇನೆ.

ಅದಕ್ಕೆ ನಾನು ಅವನಿಗೆ ಬೇರೆ ಒಬ್ಬರ ವಿಷಯ ಹೇಳಿದೆ. 2012ರ ಲಂಡನ್ ಒಲಿಂಪಿಕ್ಸ್‌ಗೆ ಮರುಭೂಮಿಯ ದೇಶ ನೈಜರ್‌ನಿಂದ ಹಮಾದು ಜಿಬೊ ಇಸ್ಸಾಕಾ ಬಂದಿದ್ದರು. ರೋಯಿಂಗ್ ಕಲಿತು ಕೆಲವೇ ತಿಂಗಳಾಗಿತ್ತು. ಎಲ್ಲರೂ ಗೆರೆ ದಾಟಿ ಬಹಳ ಹೊತ್ತಾದ ಮೇಲೆ ಅವರೊಬ್ಬರೇ ನೀರಲ್ಲಿ ಉಳಿದಿದ್ದರು. ಪೂರ್ತಿ ಮುಗಿಸಿದರು. ಕೊನೆಯ ಸ್ಥಾನ. ಇದರಿಂದ ಏನು ಕಲಿಯಬೇಕು ಅಂತ ನಾನು ಹೇಳಲಿಲ್ಲ. ಅವನು ಸುಮಾರು ಹೊತ್ತು ಸುಮ್ಮನಿದ್ದು, "ಜನ ನಕ್ಕರಾ ಪಾಸ್ಟರ್?" ಅಂದ. "ಚಪ್ಪಾಳೆ ಹೊಡೆದರು" ಅಂದೆ.

ಈಗ ಮಾರ್ಕನ ಸುವಾರ್ತೆ ಆರನೇ ಅಧ್ಯಾಯ ತೆಗೆಯಿರಿ, 45ರಿಂದ. ನಿಮ್ಮ ಮೊಬೈಲಿನಲ್ಲೇ ನೋಡಿ, ನಾನು ಓದಲ್ಲ. ಶಿಷ್ಯರನ್ನು ದೋಣಿ ಹತ್ತಿಸಿದ್ದು ಯೇಸುವೇ. ಗಾಳಿ ಎದುರು. ಅವರು ಹುಟ್ಟು ಹಾಕಿ ದಣಿದಿದ್ದಾರೆ. ಯೋಹಾನ ದೂರವನ್ನೂ ಹೇಳುತ್ತಾನೆ, ನಮ್ಮ ಲೆಕ್ಕದಲ್ಲಿ ಸುಮಾರು ಐದು ಕಿಲೋಮೀಟರ್. ಸಂಜೆ ಹೊರಟವರು, ಆತನು ಬರುವಾಗ ರಾತ್ರಿಯ ನಾಲ್ಕನೆಯ ಜಾವ, ಅಂದರೆ ಮೂರು ಗಂಟೆ ದಾಟಿದೆ. ಎಂಟು ಗಂಟೆಗೂ ಮೇಲೆ, ಐದು ಕಿಲೋಮೀಟರ್! ನಮ್ಮ ಹುಡುಗ ಗಾಳಿಯಿಲ್ಲದ ದಿನ ಅಷ್ಟು ದೂರ ಅರ್ಧ ಗಂಟೆಯಲ್ಲಿ ಹೋಗುತ್ತಾನೆ. ಅವರಲ್ಲಿ ಕೆಲವರು ಹುಟ್ಟಿನಿಂದ ಬೆಸ್ತರು, ಆ ಸಮುದ್ರ ಅವರ ಮನೆಯಂಗಳ. ಆ ರಾತ್ರಿ ಅವರ ಸ್ಪ್ಲಿಟ್ ಅಷ್ಟೇ.

ಇನ್ನೊಂದು ಗಮನಿಸಿ. ಆ ಭಾಗದ ಕೊನೆಯಲ್ಲಿ ಸುವಾರ್ತೆಗಾರ ಶಿಷ್ಯರ ಬಗ್ಗೆ ಒಂದು ದೂರು ಬರೆಯುತ್ತಾನೆ. ಅವರ ಹೃದಯ ಕಠಿಣವಾಗಿತ್ತು ಅಂತ. ದೂರು ಹೃದಯದ ಮೇಲೆ. ಇಷ್ಟು ಹೊತ್ತಿಗೆ ಇಷ್ಟೇ ದೂರ ಬಂದಿರಾ ಅಂತ ಯಾರೂ ಕೇಳಿಲ್ಲ.

ನಮ್ಮ ಹುಡುಗ ಪುಣೆಗೆ ವಾಪಸ್ ಹೋದ ವಾರ ಆ ಜೂನಿಯರ್‌ನ ಹಾಸ್ಟೆಲ್ ರೂಮಿಗೆ ಹೋಗಿ ಕ್ಷಮೆ ಕೇಳಿದ. ಎಲ್ಲರ ಎದುರಿಗೆ ಬೈದಿದ್ದರಿಂದ ಗ್ರೂಪಿನಲ್ಲೂ ಬರೆದ. ಆ ಹುಡುಗ "ಪರವಾಗಿಲ್ಲ ಅಣ್ಣ" ಅಂದನಂತೆ. ಆದರೆ ದೋಣಿಗೆ ಬಂದಿಲ್ಲ. ಇನ್ನೂ ಬಂದಿಲ್ಲ. ಇಬ್ಬರೂ ಆಗಾಗ ಚಹಾ ಕುಡಿಯುತ್ತಾರೆ, ರೋಯಿಂಗ್ ಮಾತು ಎತ್ತಲ್ಲ. ಇವನು ನಿಮಿಷಕ್ಕೆ 18ರಲ್ಲಿ ಹುಟ್ಟು ಹಾಕುತ್ತಿದ್ದಾನೆ. ಹೋದ ತಿಂಗಳ ಟೆಸ್ಟ್‌ನಲ್ಲಿ 8 ನಿಮಿಷ 31 ಸೆಕೆಂಡ್. ಎರಡು ಸೆಕೆಂಡ್ ಹೆಚ್ಚೇ ಆಗಿದೆ.

ಬರುವ ಶನಿವಾರ ಬೆಳಿಗ್ಗೆ ಆರಕ್ಕೆ ಮತ್ತೆ ಟೆಸ್ಟ್. ನಿನ್ನೆ ಮೆಸೇಜ್ ಹಾಕಿದ್ದ: "ಪಾಸ್ಟರ್, ಈ ಸಲ ಟೈಮಿಗೋಸ್ಕರ ಬೇಡ. ಅವನು ಒಂದು ದಿನ ವಾಪಸ್ ಬರಲಿ ಅಂತ ಪ್ರೇಯರ್ ಮಾಡಿ. ಟೈಮಿಗೂ ಮಾಡಿದರೆ ಬೇಡ ಅನ್ನಲ್ಲ."

ಎದ್ದು ನಿಲ್ಲೋಣ. ಎರಡಕ್ಕೂ ಪ್ರಾರ್ಥಿಸೋಣ.