ಕಣ್ಣೊಳಗಿನ ಕಾವಲು



ನಿಮ್ಮ ದೇಹದಲ್ಲಿ ನಿಮ್ಮಷ್ಟೇ ವಯಸ್ಸಾದ ಭಾಗ ಯಾವುದು ಎಂದು ಯಾರಾದರೂ ಕೇಳಿದರೆ ಏನು ಹೇಳುವಿರಿ? ಚರ್ಮ ಉದುರಿ ಹೊಸದು ಬರುತ್ತದೆ. ರಕ್ತದ ಕೆಂಪು ಕಣಗಳು ಸುಮಾರು ನಾಲ್ಕು ತಿಂಗಳಿಗೆ ಬದಲಾಗುತ್ತವೆ. ಎಲುಬು ಕೂಡ ಒಳಗೊಳಗೇ ಸವೆದು ಮತ್ತೆ ಕಟ್ಟಿಕೊಳ್ಳುತ್ತದೆ. ಆದರೆ ಕಣ್ಣಿನ ಮಸೂರದ ನಡುಭಾಗ ಹಾಗಲ್ಲ. ನೀವು ತಾಯಿಯ ಗರ್ಭದಲ್ಲಿದ್ದಾಗ ರೂಪುಗೊಂಡ ಪ್ರೋಟೀನೇ ಇಂದಿಗೂ ಅಲ್ಲಿದೆ. 2008ರಲ್ಲಿ ಡೆನ್ಮಾರ್ಕಿನ ಸಂಶೋಧಕರು ಮೃತರ ಮಸೂರದ ಪ್ರೋಟೀನಿನಲ್ಲಿದ್ದ ಇಂಗಾಲವನ್ನು ಅಳೆದು, ಆ ವ್ಯಕ್ತಿ ಹುಟ್ಟಿದ ವರ್ಷವನ್ನೇ ಅಂದಾಜು ಮಾಡಬಹುದೆಂದು ತೋರಿಸಿದರು.

ಈ ಮಸೂರ ಹೆಚ್ಚುಕಡಿಮೆ ಒಂದು ಅವರೆಕಾಳಿನಷ್ಟಿದೆ. (ಹೆಸರು ಬಂದದ್ದು ಚನ್ನಂಗಿ ಬೇಳೆಯ ಆಕಾರದಿಂದ, ಲತೀನಿನ 'ಲೆನ್ಸ್' ಎಂಬ ಪದವೂ ಅದೇ ಬೇಳೆಯ ಹೆಸರು.) ಗುರುಮಠದಲ್ಲಿ ನಾವು ಓದಿದ ಅರಿಸ್ಟಾಟಲನು, ಬಣ್ಣವನ್ನು ಸ್ವೀಕರಿಸುವುದಕ್ಕೆ ಸ್ವಂತ ಬಣ್ಣವಿರಬಾರದು ಎಂದು ವಾದಿಸಿದ್ದ. ಆಗ ಅದು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ ಮಾತು. ಮಸೂರದ ವಿಷಯ ಓದುವಾಗ ಅದರ ಅರ್ಥ ಹೊಳೆಯಿತು. ಬೆಳಕು ಅಡೆತಡೆಯಿಲ್ಲದೆ ಹಾದುಹೋಗಬೇಕಲ್ಲ? ಅದಕ್ಕಾಗಿ ಮಸೂರದಲ್ಲಿ ರಕ್ತನಾಳವಿಲ್ಲ. ಅದರ ಎಳೆಯಂಥ ಜೀವಕೋಶಗಳು ಬಲಿಯುವ ಹೊತ್ತಿಗೆ ತಮ್ಮ ಕೋಶಕೇಂದ್ರವನ್ನೂ ಒಳಗಿನ ಇತರ ಅಂಗಗಳನ್ನೂ ಕಳೆದುಕೊಳ್ಳುತ್ತವೆ. ಇದಕ್ಕೆ ತೆರುವ ಬೆಲೆಯೂ ದೊಡ್ಡದೇ. ಕೋಶಕೇಂದ್ರವಿಲ್ಲದ ಕೋಶ ಹೊಸ ಪ್ರೋಟೀನು ತಯಾರಿಸಲಾರದು. ಹಾಳಾದದ್ದನ್ನು ತೆಗೆದು ಬೇರೆಯದನ್ನು ಇಡಲಾರದು. ಮೊದಲೇ ಇಟ್ಟ ಬುತ್ತಿಯಲ್ಲೇ ಜೀವಮಾನವೆಲ್ಲ ಕಳೆಯಬೇಕು.

ಹಾಗಾದರೆ ಮಸೂರ ಇಷ್ಟು ವರ್ಷ ತಿಳಿಯಾಗಿರುವುದು ಹೇಗೆ? ಅಮೆರಿಕದ ಲಾಸ್ ಏಂಜಲಿಸ್‌ನ ವಿಜ್ಞಾನಿ ಜೋಸೆಫ್ ಹೊರ್ವಿಟ್ಸ್ 1992ರಲ್ಲಿ ಪ್ರಕಟಿಸಿದ ಸಂಶೋಧನೆ ಇದಕ್ಕೆ ಉತ್ತರದ ದಾರಿ ತೋರಿತು. ಮೊಟ್ಟೆಯ ಬಿಳಿ ಕಾದ ಕಾವಲಿಗೆ ಬಿದ್ದರೆ ಏನಾಗುತ್ತದೆಂದು ನಮ್ಮ ತಾಯಂದಿರಿಗೆ ಗೊತ್ತು. ತಿಳಿಯಾಗಿದ್ದ ಪ್ರೋಟೀನು ಮಡಿಕೆ ಬಿಚ್ಚಿ, ಒಂದಕ್ಕೊಂದು ಅಂಟಿ, ಬೆಳ್ಳಗೆ ಗಟ್ಟಿಯಾಗುತ್ತದೆ. ಮಸೂರದಲ್ಲಿ ಆಲ್ಫಾ, ಬೀಟಾ, ಗಾಮಾ ಎಂಬ ಮೂರು ಬಗೆಯ 'ಕ್ರಿಸ್ಟಲಿನ್' ಪ್ರೋಟೀನುಗಳಿವೆ. ಬೀಟಾ ಮತ್ತು ಗಾಮಾಗಳನ್ನು ಕಾಯಿಸಿದರೆ ಅವೂ ಹೀಗೆಯೇ ಗಂಟುಕಟ್ಟುತ್ತವೆ. ಜೊತೆಯಲ್ಲಿ ಆಲ್ಫಾ ಇದ್ದರೆ? ದ್ರವ ತಿಳಿಯಾಗಿಯೇ ಉಳಿಯುವುದನ್ನು ಹೊರ್ವಿಟ್ಸ್ ಕಂಡರು. ಮಡಿಕೆ ಬಿಚ್ಚುತ್ತಿರುವ ಪ್ರೋಟೀನನ್ನು ಆಲ್ಫಾ ಹಿಡಿದುಕೊಳ್ಳುತ್ತದೆ, ಇನ್ನೊಂದಕ್ಕೆ ಅಂಟಲು ಬಿಡುವುದಿಲ್ಲ. ಅಲ್ಲಿಯವರೆಗೆ ಬೆಳಕು ಬಾಗಿಸುವ ಕಟ್ಟಡದ ಕಲ್ಲು ಎಂದಷ್ಟೇ ಎಣಿಸಿದ್ದ ವಸ್ತು, ಒಳಗೆ ಕಾವಲನ್ನೂ ಕಾಯುತ್ತಿತ್ತು. ಇಂಥ ಪ್ರೋಟೀನನ್ನು ವಿಜ್ಞಾನಿಗಳು 'ಶ್ಯಾಪರೋನ್' ಎನ್ನುತ್ತಾರೆ. ಹಿಂದೆ ಯುರೋಪಿನಲ್ಲಿ ಮದುವೆಯಾಗದ ಹುಡುಗಿಯ ಜೊತೆಗೆ ಕಳಿಸುತ್ತಿದ್ದ ಹಿರಿಯ ಹೆಂಗಸಿಗಿದ್ದ ಹೆಸರು ಅದು.

ಇದನ್ನು ಓದಿದಾಗ, ಪಾದ್ರಿಯಾದ ನನಗೆ ಮೊದಲು ಏನು ತೋಚಿತೆಂದು ನೀವೇ ಊಹಿಸಬಲ್ಲಿರಿ. ಎಂಥ ಒಳ್ಳೆಯ ಪ್ರಬೋಧನೆ! ತನ್ನದೆಲ್ಲವನ್ನೂ ಬಿಟ್ಟುಕೊಟ್ಟು ಇತರರಿಗೆ ಬೆಳಕು ಕೊಡುವ ಜೀವ, ಸದ್ದಿಲ್ಲದೆ ದುರ್ಬಲರನ್ನು ಹಿಡಿದೆತ್ತುವ ಜೊತೆಗಾತಿ. ಕಾಗದ ತೆಗೆದು ಬರೆಯತೊಡಗಿದೆ. ಅರ್ಧ ಪುಟದಲ್ಲಿ ಪೆನ್ನು ನಿಂತಿತು. ನಿಲ್ಲಿಸಿದವರು ನಮ್ಮ ಧರ್ಮಕೇಂದ್ರದ ಒಬ್ಬ ತಾಯಿ.

ಆಕೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಪೀಠದ ವಸ್ತ್ರಗಳನ್ನು ಒಗೆದು ಇಸ್ತ್ರಿ ಮಾಡಿಕೊಟ್ಟವರು. ಒಂದು ವರ್ಷ ದೇವಾಲಯದ ಹಬ್ಬದಂದು ನಾನೇ ಅವರಿಗೆ ಶಾಲು ಹೊದಿಸಿ, ಮೇಣದ ಬತ್ತಿಯಂತೆ ಕರಗುವ ಜೀವ ಎಂದೆಲ್ಲ ಹೊಗಳಿದ್ದೆ. ಅದಾಗಿ ಸ್ವಲ್ಪ ದಿನಕ್ಕೆ ವಸ್ತ್ರಗಳಲ್ಲಿ ಮೇಣದ ಕಲೆ ಉಳಿಯತೊಡಗಿತು. ನಾನು ಅವರಿಗೇನೂ ಹೇಳಲಿಲ್ಲ. ಇತರರ ಮುಂದೆ ಹೇಳಿದೆ: "ಅಮ್ಮನಿಗೆ ಈಗ ಮೊದಲಿನ ಶ್ರದ್ಧೆ ಇಲ್ಲ." ಕೊನೆಗೆ, ಅಜ್ಜಿ ಇಸ್ತ್ರಿಪೆಟ್ಟಿಗೆಯ ಹಿಡಿಗಾಗಿ ತಡಕಾಡುವುದನ್ನು ರಜೆಗೆ ಬಂದ ಮೊಮ್ಮಗಳು ಕಂಡಳು. ಎರಡೂ ಕಣ್ಣಿಗೆ ಪೊರೆ ಬಂದಿತ್ತು.

ಮತ್ತೆ ಮಸೂರಕ್ಕೆ ಬರೋಣ. ನನ್ನ ಪ್ರಬೋಧನೆಯಲ್ಲಿ ನಾನು ಬಿಟ್ಟಿದ್ದ ಸಂಗತಿಯೊಂದಿದೆ. ಆಲ್ಫಾ ಕ್ರಿಸ್ಟಲಿನ್ ಒಮ್ಮೆ ಹಿಡಿದದ್ದನ್ನು ಸುಲಭವಾಗಿ ಬಿಡುವುದಿಲ್ಲ, ಹಿಡಿದುಕೊಂಡೇ ತುಂಬಿಹೋಗುತ್ತದೆ. ನಲವತ್ತು ಐವತ್ತರ ವಯಸ್ಸಿಗೆ, ಅಂದರೆ ನನ್ನ ವಯಸ್ಸಿಗೆ, ಮಸೂರದ ನಡುವೆ ಕೈ ಖಾಲಿ ಇರುವ ಆಲ್ಫಾ ಬಹುಮಟ್ಟಿಗೆ ಮುಗಿದಿರುತ್ತದೆ ಎಂದು ಬೇರೆ ಅಧ್ಯಯನಗಳು ತಿಳಿಸಿವೆ. ಆಮೇಲೆ ಪ್ರೋಟೀನುಗಳು ಗಂಟುಕಟ್ಟುವುದನ್ನು ತಡೆಯುವವರಿಲ್ಲ. ಬಿಸಿಲು, ಧೂಮಪಾನ, ಮಧುಮೇಹ ಇದನ್ನು ಬೇಗನೆ ತರಬಹುದು. ಆದರೂ ಮೂಲ ಕಾರಣ ವಯಸ್ಸೇ. ಪೊರೆ ಯಾರ ಪಾಪದ ಫಲವೂ ಅಲ್ಲ, ಅಶ್ರದ್ಧೆಯ ಗುರುತೂ ಅಲ್ಲ.

ಇಲ್ಲಿ ಒಂದು ನೈತಿಕ ಪ್ರಶ್ನೆ ಇದೆ. ತ್ಯಾಗವನ್ನು ಹೊಗಳುವ ಹಕ್ಕು ಯಾರಿಗಿದೆ? ಮಸೂರದ ಜೀವಕೋಶ ತ್ಯಾಗ ಮಾಡುವುದಿಲ್ಲ. ಅದಕ್ಕೆ ಆಯ್ಕೆಯೇ ಇಲ್ಲ. ಆಯ್ಕೆ ಇಲ್ಲದ ಕಡೆ ಪುಣ್ಯದ ಮಾತಿಗೆ ಅರ್ಥವಿಲ್ಲ. ಪ್ರಭು ಯೇಸು ತಮ್ಮನ್ನೇ ಬರಿದು ಮಾಡಿಕೊಂಡರು ಎಂದು ನಾವು ವಿಶ್ವಾಸಿಸುತ್ತೇವೆ. ಅದು ಅವರ ಸ್ವಂತ ಇಚ್ಛೆ, ಯಾರೂ ಅವರಿಂದ ಕಿತ್ತುಕೊಂಡದ್ದಲ್ಲ. ಆದರೆ ನಮ್ಮ ಮನೆಗಳಲ್ಲಿ? ಒಬ್ಬರ ಸೇವೆಯಿಂದ ಸುಖವಾಗಿರುವವರೇ ಆ ಸೇವೆಯನ್ನು ತ್ಯಾಗವೆಂದು ಹೊಗಳುವಾಗ, ಆ ಹೊಗಳಿಕೆ ಅನೇಕ ವೇಳೆ ಕೂಲಿ ಕೊಡದೆ ತಪ್ಪಿಸಿಕೊಳ್ಳುವ ಉಪಾಯವಾಗಿರುತ್ತದೆ. ನಾನು ಹೊದಿಸಿದ ಶಾಲು ಅಂಥದ್ದೇ ಆಗಿತ್ತೇನೋ.

"ಈ ವಯಸ್ಸಿನಲ್ಲಿ ಇನ್ನೇನು ನೋಡಬೇಕು, ದೇವರು ಕೊಟ್ಟದ್ದನ್ನು ಸಹಿಸಿಕೊಳ್ಳಲಿ" ಎಂದು ಮಕ್ಕಳು ಹೇಳುವುದನ್ನು ನಾನು ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ. ಜೆರಿಕೋ ದಾರಿಯಲ್ಲಿ ಕುರುಡ ಬಾರ್ತಿಮಾಯನನ್ನು ಸುಮ್ಮನಿರು ಎಂದು ಗದರಿಸಿದ್ದು ಜನರ ಗುಂಪು. ಯೇಸು ಸಹನೆಯ ಬಗ್ಗೆ ಬೋಧಿಸಲಿಲ್ಲ. ನಿನಗೇನು ಬೇಕು ಎಂದು ಅವನನ್ನೇ ಕೇಳಿದರು.

ಪೊರೆ ಕರಗಿಸುವ ಹನಿಮದ್ದು ಇಂದಿಗೂ ಬಳಕೆಗೆ ಬಂದಿಲ್ಲ. ಆದರೆ ಮಸುಕಾದ ಮಸೂರ ತೆಗೆದು ಕೃತಕ ಮಸೂರ ಇಡುವ ಆಪರೇಷನ್ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಆ ತಾಯಿಗೂ ಆಯಿತು. ಎರಡನೆಯ ಕಣ್ಣೂ ವಾಸಿಯಾದ ಮೇಲೆ ಒಂದು ಬೆಳಿಗ್ಗೆ ಆಕೆ ವಸ್ತ್ರಗಳ ಕಪಾಟು ತೆರೆದು, ಹಳೆಯ ಹಾಸೊಂದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ನನ್ನತ್ತ ತಿರುಗಿದರು.

"ಇಷ್ಟೊಂದು ಕಲೆ ಇತ್ತಾ ಸ್ವಾಮಿ? ನೀವು ನನಗೆ ಒಂದು ಮಾತು ಹೇಳಬಾರದಿತ್ತಾ?"