ನೆರಳೂ ಒಂದು ಅನುಗ್ರಹ



ಅಲ್ಲಾಹನ ಅನುಗ್ರಹಗಳನ್ನು ಎಣಿಸುವಾಗ ನಾವು ಅನ್ನ, ನೀರು, ಸಂತಾನಗಳನ್ನು ನೆನೆಯುತ್ತೇವೆ. ನೆರಳನ್ನು ನೆನೆಯುವವರು ವಿರಳ. ಆದರೆ ಪವಿತ್ರ ಕುರ್‌ಆನಿನ ಅನ್ನಹ್ಲ್ ಅಧ್ಯಾಯದ 81ನೇ ಸೂಕ್ತವು ನೆರಳನ್ನೂ ಸೆಕೆಯಿಂದ ಕಾಪಾಡುವ ಉಡುಪನ್ನೂ ಅನುಗ್ರಹಗಳ ಸಾಲಿನಲ್ಲೇ ಹೆಸರಿಸಿದೆ. ಹಾಗಿರುವಾಗ ಬಿಸಿಲಿನಿಂದ ಮೈಯನ್ನು ಕಾಪಾಡಿಕೊಳ್ಳುವುದು ಶೋಕಿಯ ಮಾತೆಂದು ತಳ್ಳಿಹಾಕುವುದು ಸರಿಯೇ?

ಮೈಸೂರಿನವರಾದ ನಮಗೊಂದು ಭ್ರಮೆಯಿದೆ. ಇದೇನು ರಾಯಚೂರೇ, ಕಲಬುರಗಿಯೇ, ಇಲ್ಲಿ ಗಾಳಿ ತಂಪಲ್ಲವೇ ಎನ್ನುತ್ತೇವೆ. ಆದರೆ ಚರ್ಮವನ್ನು ಸುಡುವುದು ಗಾಳಿಯ ಸೆಕೆಯಲ್ಲ; ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ನೇರಳಾತೀತ ಕಿರಣ. ಗಾಳಿ ತಂಪಾದರೆ ಆ ಕಿರಣದ ಬಲ ಕುಗ್ಗುವುದಿಲ್ಲ. ನಮ್ಮ ನಗರ ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ಎತ್ತರ ಹೆಚ್ಚಿದಂತೆ ಈ ಕಿರಣಗಳೂ ಹೆಚ್ಚುತ್ತವೆ. ಎಪ್ರಿಲ್ ಕೊನೆಯ ಭಾಗದಲ್ಲಂತೂ ಮಧ್ಯಾಹ್ನದ ಸೂರ್ಯ ನೇರವಾಗಿ ನಮ್ಮ ನೆತ್ತಿಯ ಮೇಲಿರುತ್ತಾನೆ. ನಮ್ಮ ಚರ್ಮದ ಕಪ್ಪು ವರ್ಣವೇ ಅಲ್ಲಾಹನಿತ್ತ ಒಂದು ರಕ್ಷೆ, ನಿಜ. ಆದರೆ ಅದು ಪೂರ್ಣ ರಕ್ಷೆಯಲ್ಲ. ಬಂಗು, ಉರಿ, ಅಕಾಲದ ಸುಕ್ಕು ನಮ್ಮನ್ನೂ ಬಿಟ್ಟಿಲ್ಲ.

ಕಷ್ಟಪಟ್ಟಷ್ಟೂ ಪುಣ್ಯ ಹೆಚ್ಚೆಂದು ಭಾವಿಸುವವರಿದ್ದಾರೆ. ಅವರು ಇಬ್ನು ಅಬ್ಬಾಸ್(ರ) ವರದಿ ಮಾಡಿದ, ಸಹೀಹ್ ಬುಖಾರಿಯಲ್ಲಿರುವ ಒಂದು ಘಟನೆಯನ್ನು ಗಮನಿಸಲಿ. ಪ್ರವಾದಿ(ಸ)ರು ಪ್ರವಚನ ನೀಡುತ್ತಿದ್ದಾಗ ಒಬ್ಬಾತ ನಿಂತೇ ಇದ್ದ. ವಿಚಾರಿಸಿದಾಗ, ಆತ ಅಬೂ ಇಸ್ರಾಈಲ್ ಎಂದೂ, ಕೂರದೆ, ನೆರಳಿಗೆ ಹೋಗದೆ, ಮಾತಾಡದೆ ಉಪವಾಸವಿರಲು ಹರಕೆ ಹೊತ್ತಿದ್ದಾನೆಂದೂ ತಿಳಿಯಿತು. ಪ್ರವಾದಿ(ಸ)ರು ಅವನಿಗೆ ಮಾತಾಡಲು, ನೆರಳಿಗೆ ಬರಲು, ಕುಳಿತುಕೊಳ್ಳಲು ಆದೇಶಿಸಿದರು. ಉಪವಾಸವನ್ನು ಮಾತ್ರ ಪೂರ್ತಿಗೊಳಿಸಲು ಹೇಳಿದರು. ಉಪವಾಸ ಆರಾಧನೆ; ಬಿಸಿಲಲ್ಲಿ ಸುಮ್ಮನೆ ಬೇಯುವುದು ಆರಾಧನೆಯಲ್ಲ.

ಆದುದರಿಂದ ಹತ್ತರಿಂದ ನಾಲ್ಕು ಗಂಟೆಯವರೆಗೆ ಆದಷ್ಟು ನೆರಳಿನಲ್ಲಿರಿ. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಬಿಸಿಲು ತೀಕ್ಷ್ಣವಾಗಿದೆಯೆಂದು ತಿಳಿಯಿರಿ. ತುಂಬುತೋಳಿನ ಸಡಿಲ ಹತ್ತಿಬಟ್ಟೆ ತೊಡಿರಿ, ಕೊಡೆ ಹಿಡಿಯಲು ಗಂಡಸರೂ ನಾಚಬೇಕಿಲ್ಲ. ಬಿಸಿಲುತಡೆ ಮುಲಾಮು ಹಚ್ಚುವವರು ಎರಡು ಗಂಟೆಗೊಮ್ಮೆ ಹಾಗೂ ವುಝೂವಿನ ಬಳಿಕ ಪುನಃ ಹಚ್ಚಬೇಕು. ಮೈ ಸುಟ್ಟಾಗ ತಣ್ಣೀರಿನ ಬಟ್ಟೆಯಿಡಿ. ಬೊಬ್ಬೆಯೆದ್ದರೆ ಒಡೆಯದೆ ವೈದ್ಯರಿಗೆ ತೋರಿಸಿ.

ಇಷ್ಟು ಮಾಡಿದರೆ ನಮ್ಮ ಹೊಣೆ ಮುಗಿಯಿತೇ? ಸಯ್ಯಾಜಿರಾವ್ ರಸ್ತೆಯಲ್ಲಿ ತಳ್ಳುಗಾಡಿಯ ಪಕ್ಕ ದಿನವಿಡೀ ನಿಂತವನಿಗೆ ಹತ್ತು ಗಂಟೆಗೆ ಮನೆಗೆ ಹೋಗುವ ಅನುಕೂಲವಿಲ್ಲ. ನಮ್ಮ ಮನೆಯ ತಾರಸಿಗೆ ಗಾರೆ ಹೊರುವ ತಾಯಿಯ ಒಂದು ಕೈ ಬಾಂಡಲಿಯಲ್ಲಿದೆ, ಕೊಡೆ ಹಿಡಿಯುವುದು ಯಾವ ಕೈಯಲ್ಲಿ? ತಾನಾಗಿಯೇ ಬಿಸಿಲಲ್ಲಿ ನಿಂತವನನ್ನು ನೆರಳಿಗೆ ಕಳುಹಿಸಿದ ಪ್ರವಾದಿ(ಸ)ರ ಅನುಯಾಯಿಗಳಾದ ನಾವು, ಹೊಟ್ಟೆಪಾಡಿಗಾಗಿ ನಿಂತವರನ್ನು ಅಲ್ಲೇ ಬಿಡಬಹುದೇ?

ತೀವ್ರ ಸೆಕೆಯಲ್ಲಿ ಝುಹರ್ ನಮಾಝನ್ನೇ ತುಸು ತಂಪಾಗುವವರೆಗೆ ತಡಮಾಡಲು ಪ್ರವಾದಿ(ಸ)ರು ಸೂಚಿಸಿದ್ದಾರೆ. ಅಲ್ಲಾಹನ ಕೆಲಸವೇ ಕಾಯಬಹುದಾದರೆ ನಮ್ಮ ತಾರಸಿ ಕಾಯಲಾರದೇ? ಕೆಲಸವನ್ನು ಬೆಳಗ್ಗೆ ಬೇಗ ಆರಂಭಿಸಿ ಮಧ್ಯಾಹ್ನ ಬಿಡುವು ಕೊಡಿ; ಅದಕ್ಕಾಗಿ ಕೂಲಿ ಕಡಿಯಬೇಡಿ. ಒಂದು ತಾಡಪಾಲು ಕಟ್ಟಿಸಿ, ಒಂದು ಹೂಜಿ ನೀರಿಡಿ. ಅಂಗಡಿಯ ಮುಂದಿನ ಮರವನ್ನು ಫಲಕ ಕಾಣುವುದಿಲ್ಲವೆಂದು ಕಡಿಸಬೇಡಿ.

ಅಲ್ಲಾಹನ ನೆರಳಿನ ಹೊರತು ಬೇರೆ ನೆರಳಿಲ್ಲದ ದಿನವೊಂದು ಬರಲಿದೆ. ಅಂದು ಆ ನೆರಳು ಪಡೆಯುವ ಏಳು ಬಗೆಯವರಲ್ಲಿ ನ್ಯಾಯವಂತ ಆಡಳಿತಗಾರನೂ ಒಬ್ಬನೆಂದು ಹದೀಸ್‌ನಲ್ಲಿದೆ. ನಾಲ್ಕು ಕೂಲಿಯಾಳುಗಳನ್ನು ಕೆಲಸಕ್ಕೆ ಹಚ್ಚಿದವನೂ ತನ್ನ ಮಟ್ಟಿಗೆ ಆಡಳಿತಗಾರನೇ. ಅಂದು ನೆರಳನ್ನು ಬೇಡುವ ನಾವು ಇಂದು ಇತರರಿಗೆ ನೆರಳಾಗುವಂತೆ ಅಲ್ಲಾಹನು ಅನುಗ್ರಹಿಸಲಿ. ಆಮೀನ್.