ತಿಳಿಯದೆ ಮಾಡಿದ ತಪ್ಪು ಪಾಪವೇ?

ಸುಮಾರು ಮೂವತ್ತು ವರ್ಷಗಳ ಹಿಂದಿನ ಮಾತು. ಕನಕಪುರದ ಕಡೆಯ ನಮ್ಮ ಹಳ್ಳಿಯಲ್ಲಿ ಅಪ್ಪ ಸಾಕಿದ್ದ ಹಸುವೊಂದು ಕಾಲು ಊದಿಕೊಂಡು ಮಲಗಿತು. ರಾತ್ರಿಯೆಲ್ಲಾ ಅದು ನರಳುವುದನ್ನು ಕೇಳಲಾಗದೆ ಅಪ್ಪ ಬೆಳಿಗ್ಗೆಯೇ ಹೋಗಿ ನೋವಿನ ಸೂಜಿಮದ್ದು ತಂದು ಎರಡು ದಿನ ಚುಚ್ಚಿಸಿದರು. ಮೂರನೆಯ ದಿನ ಹಸು ಸತ್ತಿತು. ಅಮ್ಮ ಜಪಸರ ಹಿಡಿದುಕೊಂಡೇ ಕೊಟ್ಟಿಗೆಯ ಬಾಗಿಲಲ್ಲಿ ಕುಳಿತು ಅತ್ತಳು. ನಾವು ನಾಲ್ಕು ಜನ ಸೇರಿ ಹಸುವನ್ನು ಊರಾಚೆಯ ಹಳ್ಳದ ಬದಿಗೆ ಎಳೆದು ಹಾಕಿ ಬಂದೆವು. ಆಗ ನಮ್ಮಲ್ಲಿ ಸತ್ತ ದನವನ್ನು ಹೂಳುವ ವಾಡಿಕೆ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಆಕಾಶದಲ್ಲಿ ಸುತ್ತು ಹಾಕುತ್ತ ರಣಹದ್ದುಗಳು ಇಳಿದವು. ಸಂಜೆಗೆ ಅಲ್ಲಿ ಮೂಳೆಗಳು ಮಾತ್ರ ಇದ್ದವು.

ಆ ಹಕ್ಕಿಗಳು ನಮ್ಮೂರಿನ ಮೇಲೆ ಕೊನೆಯ ಸಲ ಹಾರಿದ್ದು ಯಾವಾಗ ಎಂದು ಕೇಳಿದರೆ ಊರಿನಲ್ಲಿ ಒಬ್ಬರೂ ಹೇಳಲಾರರು. ಗಿಳಿ, ಗುಬ್ಬಚ್ಚಿ ಕಾಣದಾದರೆ ಮನೆಯ ಮಕ್ಕಳಾದರೂ ಕೇಳುತ್ತವೆ. ರಣಹದ್ದು ಹೋಯಿತೆಂದು ಯಾರು ಕೇಳಬೇಕು? ಅದು ಬೋಳು ತಲೆಯ, ಹೆಣ ತಿನ್ನುವ, ಅಪಶಕುನದ ಹಕ್ಕಿ.

ಓದುಗರೇ, ಮುಂದಿನ ಸಂಗತಿ ನಿಮ್ಮಲ್ಲಿ ಕೆಲವರಿಗೆ ತಿಳಿದೇ ಇರಬಹುದು. 1990ರ ದಶಕದಲ್ಲಿ ಭಾರತ ಉಪಖಂಡದ ರಣಹದ್ದುಗಳು ಗುಂಪುಗುಂಪಾಗಿ ಸಾಯತೊಡಗಿದವು. ಬಿಳಿಬೆನ್ನಿನ ರಣಹದ್ದು ಹದಿನೈದೇ ವರ್ಷಗಳಲ್ಲಿ, 1992ರಿಂದ 2007ರೊಳಗೆ, ಸಾವಿರಕ್ಕೆ ಒಂದರಂತೆ ಉಳಿಯಿತು. ನಮ್ಮ ರಾಮನಗರದ ಬಂಡೆಗಳಲ್ಲಿ ಗೂಡು ಕಟ್ಟುವ ಉದ್ದಕೊಕ್ಕಿನ ರಣಹದ್ದು ನೂರಕ್ಕೆ ಸುಮಾರು ತೊಂಬತ್ತೇಳರಷ್ಟು ಅಳಿಯಿತು. ಮೊದಲು ಯಾವುದೋ ಸಾಂಕ್ರಾಮಿಕ ರೋಗವೆಂದು ಎಣಿಸಿದರು. 2004ರಲ್ಲಿ ವಿಜ್ಞಾನಿಗಳು ನಿಜವಾದ ಕಾರಣವನ್ನು ಪ್ರಕಟಿಸಿದರು. ದನಗಳ ನೋವಿಗೆ ಕೊಡುವ ಡೈಕ್ಲೋಫೆನಾಕ್ ಎಂಬ ಅಗ್ಗದ ಔಷಧಿಯೇ ಆ ಕಾರಣ. ಸೂಜಿ ಚುಚ್ಚಿಸಿಕೊಂಡ ದನ ಒಂದೆರಡು ದಿನಗಳಲ್ಲಿ ಸತ್ತರೆ ಔಷಧಿ ಅದರ ಮಾಂಸದಲ್ಲಿ ಉಳಿದಿರುತ್ತದೆ. ಅದನ್ನು ತಿಂದ ಹದ್ದಿನ ಮೂತ್ರಪಿಂಡ ಕೆಡುತ್ತದೆ, ಒಡಲೊಳಗೆಲ್ಲ ಬಿಳಿ ಹರಳು ಕಟ್ಟುತ್ತದೆ, ಕೆಲವೇ ದಿನಗಳಲ್ಲಿ ಹಕ್ಕಿ ಸಾಯುತ್ತದೆ. ನೂರು ಹೆಣಗಳಲ್ಲಿ ಒಂದಕ್ಕಿಂತ ಕಡಿಮೆ ಹೆಣದಲ್ಲಿ ಈ ಔಷಧಿ ಇದ್ದರೂ ಸಾಕು, ಇಡೀ ಸಂತತಿ ಕುಸಿಯುತ್ತದೆ ಎಂದು ಲೆಕ್ಕ ಹಾಕಿದ್ದಾರೆ. ವರ್ಷಕ್ಕೆ ಒಂದೇ ಮೊಟ್ಟೆ ಇಡುವ ಹಕ್ಕಿಯಲ್ಲವೇ?

ಅಪ್ಪ ತಂದ ಮದ್ದು ಅದೇ ಆಗಿತ್ತೋ ಏನೋ, ಈಗ ಹೇಳುವವರಿಲ್ಲ. ಆಗಿತ್ತೆಂದೇ ಇಟ್ಟುಕೊಂಡು ಯೋಚಿಸುತ್ತೇನೆ. ಹಾಗಿದ್ದರೆ ಅಪ್ಪ ಪಾಪ ಮಾಡಿದರೇ?

ಜ್ಞಾನೋಪದೇಶದ ತರಗತಿಯಲ್ಲಿ ನಾವೆಲ್ಲರೂ ಕಂಠಪಾಠ ಮಾಡಿದ್ದೇವೆ. ಮಾರಕ ಪಾಪಕ್ಕೆ ಮೂರು ಸಂಗತಿಗಳು ಕೂಡಬೇಕು: ವಿಷಯ ಗುರುತರವಾಗಿರಬೇಕು, ಅದು ತಪ್ಪೆಂಬ ಪೂರ್ಣ ಅರಿವಿರಬೇಕು, ಮನಃಪೂರ್ವಕವಾದ ಸಮ್ಮತಿ ಇರಬೇಕು. ಅಪ್ಪನಿಗೆ ಅರಿವೂ ಇರಲಿಲ್ಲ, ಕೆಡುಕಿಗೆ ಸಮ್ಮತಿಯೂ ಇರಲಿಲ್ಲ. ಇದ್ದದ್ದು ಮೂಕಪ್ರಾಣಿಯ ಮೇಲಿನ ಕರುಣೆ. ಆ ಕರುಣೆಯೇ ವಿಷವಾಯಿತೆಂಬುದು ನನ್ನನ್ನು ಇಂದಿಗೂ ಕಾಡುತ್ತದೆ. ಆದರೆ ಅದನ್ನು ಪಾಪವೆಂದು ಯಾವ ಗುರುಗಳೂ ಹೇಳಲಾರರು.

ಪ್ರಶ್ನೆ ಅಲ್ಲಿಗೆ ಮುಗಿದಿದ್ದರೆ ಈ ಲೇಖನವೇ ಬೇಕಿರಲಿಲ್ಲ. 2006ರಲ್ಲಿ ಸರ್ಕಾರ ದನಗಳಿಗೆ ಡೈಕ್ಲೋಫೆನಾಕ್ ಕೊಡುವುದನ್ನು ನಿಷೇಧಿಸಿತು. ಮನುಷ್ಯರಿಗೆಂದು ಮಾರುವ ದೊಡ್ಡ ಸೀಸೆಯನ್ನೇ ದನಕ್ಕೆ ಚುಚ್ಚುತ್ತಿದ್ದಾರೆಂದು ತಿಳಿದು 2015ರಲ್ಲಿ ಅದನ್ನೂ ನಿಲ್ಲಿಸಿತು. ಹದ್ದುಗಳಿಗೆ ಅಷ್ಟೇ ಕೇಡು ಮಾಡುವ ಕೀಟೋಪ್ರೊಫೆನ್, ಅಸಿಕ್ಲೋಫೆನಾಕ್ ಎಂಬ ಇನ್ನೆರಡು ಔಷಧಿಗಳಿಗೆ 2023ರಲ್ಲಿ ನಿಷೇಧ ಬಂತು. ಹದ್ದುಗಳಿಗೆ ತೊಂದರೆಯಿಲ್ಲದ ಮೆಲಾಕ್ಸಿಕಾಂ ಎಂಬ ಮದ್ದು ಇದೆ. ಇಷ್ಟೆಲ್ಲ ಆದ ಮೇಲೂ ನಾನು ವೈದ್ಯರನ್ನು ಯಾವ ಮದ್ದು ಎಂದು ಕೇಳದೆ ನನ್ನ ಹಸುವಿಗೆ ಚುಚ್ಚಿಸಿದರೆ, ನನಗೆ ಗೊತ್ತಿರಲಿಲ್ಲ ಎಂಬ ಮಾತು ನಿಲ್ಲುತ್ತದೆಯೇ? ಸತ್ಯವನ್ನು ತಿಳಿದುಕೊಳ್ಳಲು ಮನಸ್ಸು ಮಾಡದವನ ಅಜ್ಞಾನಕ್ಕೆ ಅವನೇ ಹೊಣೆ ಎಂದು ಧರ್ಮಸಭೆಯ ಬೋಧನೆಯೇ ಹೇಳುತ್ತದೆ. ಅಪ್ಪನ ಅಜ್ಞಾನ ಬೇರೆ, ನನ್ನದು ಬೇರೆ.

ಇಲ್ಲಿ ನನಗೆ ದೂರದ ಬೌದ್ಧ ಮಠಗಳು ನೆನಪಾಗುತ್ತವೆ. ನಮ್ಮ ಮಕ್ಕಳು ಶಾಲಾ ಪ್ರವಾಸದಲ್ಲಿ ಬೈಲಕುಪ್ಪೆಯ ಸ್ವರ್ಣ ದೇವಾಲಯ ನೋಡಿ, ಕೆಂಪು ವಸ್ತ್ರದ ಭಿಕ್ಷುಗಳ ಜೊತೆ ಫೋಟೋ ತೆಗೆಸಿಕೊಂಡು ಬರುತ್ತಾರೆ. 1960ರ ದಶಕದ ಆರಂಭದಲ್ಲಿ ನಮ್ಮ ರಾಜ್ಯ ಆಶ್ರಯ ಕೊಟ್ಟ ಟಿಬೆಟಿನ ಜನರು ಅವರು. ಅವರ ಮೂಲ ನಾಡಿನಲ್ಲಿ ಮನುಷ್ಯನ ದೇಹವನ್ನು ಮರಣಾನಂತರ ರಣಹದ್ದುಗಳಿಗೆ ಅರ್ಪಿಸುವ ಪದ್ಧತಿ ಉಂಟು. ಕೊನೆಯ ದಾನವೆಂದು ಹಾಗೆ ಮಾಡುತ್ತಾರೆ. ಕೇಳಿದರೆ ನಮಗೆ ಮೈ ಜುಮ್ಮೆನ್ನುತ್ತದೆ. ಆದರೆ ನಾವು ಅಪಶಕುನವೆಂದು ಕಲ್ಲು ಬೀರುವ ಹಕ್ಕಿಗೆ ಆ ಜನ ಕೊಟ್ಟಿರುವ ಸ್ಥಾನವನ್ನು ಗಮನಿಸಿ.

ಚೀನಾದ ಚಿಂಗ್‌ಹಾಯ್ ಪ್ರಾಂತ್ಯದ ಎತ್ತರದ ಪ್ರದೇಶದಲ್ಲಿ ಸಂಶೋಧಕರು ಹಿಮಚಿರತೆಗಳನ್ನು ಅಧ್ಯಯನ ಮಾಡಿ 2013ರಲ್ಲಿ ಒಂದು ವರದಿ ಪ್ರಕಟಿಸಿದರು. ಅಲ್ಲಿನ 336 ಬೌದ್ಧ ಮಠಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹಿಮಚಿರತೆಯ ನೆಲೆಯೊಳಗೇ ಇದ್ದವು. ತೊಂಬತ್ತು ಪಾಲು ಮಠಗಳು ಆ ನೆಲೆಯಿಂದ ಐದು ಕಿಲೋಮೀಟರ್ ಒಳಗಿದ್ದವು. ಪವಿತ್ರ ಬೆಟ್ಟದಲ್ಲಿ ಬೇಟೆಯಾಡಬಾರದೆಂಬ ಕಟ್ಟಳೆ ಮೊದಲಿನಿಂದಲೂ ಇತ್ತು; ಭಿಕ್ಷುಗಳು ಬೆಟ್ಟದ ಗಸ್ತು ತಿರುಗುತ್ತಿದ್ದರು. ಸಂರಕ್ಷಕರು ಅವರ ಜೊತೆ ಕೈ ಸೇರಿಸಿದರು. ಕಾಂಬೋಡಿಯಾದಲ್ಲಿ ಬುನ್ ಸಲೂತ್ ಎಂಬ ಭಿಕ್ಷು ಹದಿನೆಂಟು ಸಾವಿರ ಹೆಕ್ಟೇರ್ ಕಾಡನ್ನು ಮರಗಳ್ಳರಿಂದ ಕಾಯಲು ಮುಂದಾದರು. ಅವರ ಕೆಲಸಕ್ಕೆ 2010ರಲ್ಲಿ ವಿಶ್ವಸಂಸ್ಥೆಯ ಆಶ್ರಯದ ಈಕ್ವೇಟರ್ ಪ್ರಶಸ್ತಿ ಬಂತು.

ಬೌದ್ಧರೆಲ್ಲ ಹುಟ್ಟಿನಿಂದಲೇ ಪ್ರಾಣಿಪ್ರಿಯರು ಎಂದು ನಾನು ಹೇಳುತ್ತಿಲ್ಲ. ಟಿಬೆಟಿನ ಸಿರಿವಂತರು ಹಬ್ಬದ ದಿನ ಹುಲಿ, ಚಿರತೆಗಳ ಚರ್ಮದ ಅಂಚಿರುವ ಉಡುಪು ತೊಟ್ಟು ಮೆರೆಯುತ್ತಿದ್ದರು. ಭಾರತದ ಕಾಡಿನ ಹುಲಿಗಳು ಅದಕ್ಕಾಗಿ ಸಾಯುತ್ತಿದ್ದವು. ವನ್ಯಜೀವಿ ಸಂರಕ್ಷಕರು ಇದನ್ನು ಬೆಳಕಿಗೆ ತಂದರು. 2006ರ ಜನವರಿಯಲ್ಲಿ ಆಂಧ್ರದ ಅಮರಾವತಿಯಲ್ಲಿ ನಡೆದ ಕಾಲಚಕ್ರ ಸಮಾರಂಭದಲ್ಲಿ ದಲೈಲಾಮಾರವರು ತಮ್ಮ ಜನರಿಗೆ ಇದು ನಾಚಿಕೆಗೇಡು ಎಂದು ತಿಳಿಹೇಳಿದರು. ಅದಾದ ಕೆಲವೇ ವಾರಗಳಲ್ಲಿ ಟಿಬೆಟಿನ ಊರುಗಳಲ್ಲಿ ಜನ ಬೆಲೆಬಾಳುವ ಚರ್ಮದ ಉಡುಪುಗಳನ್ನು ರಾಶಿ ಹಾಕಿ ಸುಟ್ಟರು. ಅಂಕಿಅಂಶ ಹಿಡಿದುಕೊಂಡು ಹೋದ ವಿಜ್ಞಾನಿಯ ಮಾತಿಗೆ ಯಾರಾದರೂ ಹಾಗೆ ಸುಡುತ್ತಿದ್ದರೇ? ವಿಜ್ಞಾನಿ ಹೇಳದಿದ್ದರೆ ಅಷ್ಟು ಹುಲಿಗಳು ಸಾಯುತ್ತಿವೆ ಎಂದು ಧರ್ಮಗುರುವಿಗೆ ತಾನೇ ಹೇಗೆ ಗೊತ್ತಾಗುತ್ತಿತ್ತು? ಜ್ಞಾನೋಪದೇಶದ ಆ ಮಾತನ್ನೇ ತಿರುಗಿಸಿ ಹೇಳುವುದಾದರೆ, ಅರಿವು ಒಬ್ಬರಿಂದ ಬಂತು, ಮನಃಪೂರ್ವಕ ಸಮ್ಮತಿ ಇನ್ನೊಬ್ಬರಿಂದ.

ಇನ್ನು ನಮ್ಮ ಸುತ್ತಮುತ್ತ ನೋಡೋಣ. ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿ ನಾಥ ಪರಂಪರೆಯ ಹಳೆಯ ಮಠ. ಅದರ ಬೆಟ್ಟದ ಸುತ್ತ ನವಿಲುಗಳಿಗೆ ಯಾರೂ ಕೈ ಮಾಡುತ್ತಿರಲಿಲ್ಲ. 1981ರಲ್ಲಿ ಸರ್ಕಾರ ಆ ಜಾಗವನ್ನು ಮಯೂರ ವನ್ಯಧಾಮವೆಂದು ಘೋಷಿಸಿತು. ಒಂದು ಚದರ ಕಿಲೋಮೀಟರ್ ಕೂಡ ಇಲ್ಲದ ಪುಟ್ಟ ಜಾಗ ಅದು. ಆ ಮಠವನ್ನು 1974ರಿಂದ 2013ರವರೆಗೆ ನಡೆಸಿದ ಶ್ರೀ ಬಾಲಗಂಗಾಧರನಾಥ ಸ್ವಾಮೀಜಿ ನಮ್ಮ ಬಿಡದಿ ಹತ್ತಿರದ ಬಾನಂದೂರಿನವರು. ಸಸಿ ನೆಡುವುದನ್ನು ಮಠದ ಕಾರ್ಯವಾಗಿಯೇ ಮಾಡಿದವರು. ಇನ್ನು ಮಾಗಡಿ ತಾಲ್ಲೂಕಿನ ಹುಲಿಕಲ್ಲಿನ ಸಾಲುಮರದ ತಿಮ್ಮಕ್ಕನನ್ನು ಯಾರಿಗೂ ಪರಿಚಯಿಸಬೇಕಿಲ್ಲ. ಮಠವಿಲ್ಲ, ಓದುಬರಹವಿಲ್ಲ, ಕೂಲಿಯ ಬದುಕು, ಮಕ್ಕಳಿಲ್ಲದ ದುಃಖ ಬೇರೆ. ಗಂಡ ಚಿಕ್ಕಯ್ಯನ ಜೊತೆ ಬಿಂದಿಗೆಯಲ್ಲಿ ನೀರು ಹೊತ್ತು ಹುಲಿಕಲ್–ಕುದೂರು ರಸ್ತೆಯಲ್ಲಿ 385 ಆಲದ ಮರಗಳನ್ನು ಮಕ್ಕಳಂತೆ ಸಾಕಿದಳು. 2025ರ ನವೆಂಬರ್ 14ರಂದು ಆ ತಾಯಿ ತೀರಿಕೊಂಡಾಗ ಎಲ್ಲ ಧರ್ಮದವರೂ ಮನೆಯ ಹಿರಿಯಳನ್ನು ಕಳೆದುಕೊಂಡಂತೆ ಮರುಗಿದರು.

ಆದರೂ ನವಿಲನ್ನು ಪ್ರೀತಿಸುವುದು ಸುಲಭ. ಅದು ಚೆಂದದ ಹಕ್ಕಿ, ರಾಷ್ಟ್ರಪಕ್ಷಿ, ಸುಬ್ರಹ್ಮಣ್ಯನ ವಾಹನ. ಆಲ ನೆರಳು ಕೊಡುತ್ತದೆ. ಪ್ರೀತಿಯ ನಿಜವಾದ ಪರೀಕ್ಷೆ ರಾಮನಗರದ ರಾಮದೇವರ ಬೆಟ್ಟದಲ್ಲಿದೆ. ‘ಶೋಲೆ’ ಚಿತ್ರದ ಬೆಟ್ಟ ಎಂದು ಊರಿಗೆಲ್ಲ ಗೊತ್ತು. ಮೇಲೆ ರಾಮನ ಗುಡಿ, ಆ ಕಡಿದಾದ ಬಂಡೆಯ ಸಂದುಗಳಲ್ಲಿ ಉದ್ದಕೊಕ್ಕಿನ ರಣಹದ್ದಿನ ಗೂಡು. 2012ರಲ್ಲಿ ಅಲ್ಲಿನ 346 ಹೆಕ್ಟೇರ್ ಪ್ರದೇಶವನ್ನು ರಣಹದ್ದು ವನ್ಯಧಾಮವೆಂದು ಘೋಷಿಸಿದರು. (2025ರಲ್ಲಿ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣ ಎಂದಾಯಿತು, ಹದ್ದುಗಳಿಗೆ ಅದರಿಂದೇನು.) ಉಳಿದಿರುವುದು ಬೆರಳೆಣಿಕೆಯಷ್ಟು. ರಾಮಾಯಣದ ಜಟಾಯುವನ್ನು ಪೂಜ್ಯಭಾವದಿಂದ ನೆನೆಯುವ ನಾಡಿನಲ್ಲೇ ಜಟಾಯುವಿನ ಕುಲ ನಮ್ಮ ಸೂಜಿಮದ್ದಿನಿಂದ ಅಳಿಯಿತು. ಭಕ್ತಿಯೊಂದೇ ಸಾಲಲಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ನಮ್ಮ ಧರ್ಮಕೇಂದ್ರದ ಹಿರಿಯರೊಬ್ಬರು ನನ್ನನ್ನು ಕೇಳಿದ್ದುಂಟು, “ಹದ್ದಿಗೇನು ಆತ್ಮ ಉಂಟಾ? ಬಡವರ ಹೊಟ್ಟೆಗಿಲ್ಲದ ಕಾಲದಲ್ಲಿ ನಿಮಗೇಕಪ್ಪ ಈ ಚಿಂತೆ?” ಬಡವರ ಮಾತು ಬಂದದ್ದರಿಂದ ಅದಕ್ಕೇ ಮೊದಲು ಉತ್ತರಿಸುತ್ತೇನೆ. ಹದ್ದುಗಳಿಲ್ಲದೆ ಹೆಣಗಳು ಕೊಳೆತವು, ನೀರು ಕೆಟ್ಟಿತು, ಬೀದಿನಾಯಿಗಳು ಹೆಚ್ಚಿದವು, ಹುಚ್ಚುನಾಯಿ ಕಡಿತ ಹೆಚ್ಚಿತು. 2000ದಿಂದ 2005ರವರೆಗಿನ ಐದು ವರ್ಷಗಳಲ್ಲಿ ಭಾರತದಲ್ಲಿ ಇದರಿಂದ ಸುಮಾರು ಐದು ಲಕ್ಷ ಜನ ಹೆಚ್ಚಾಗಿ ಸತ್ತಿರಬೇಕೆಂದು ಅರ್ಥಶಾಸ್ತ್ರಜ್ಞರಿಬ್ಬರು 2024ರಲ್ಲಿ ಅಂದಾಜು ಮಾಡಿದ್ದಾರೆ. ಬೇಲಿಯಿಲ್ಲದ ಮನೆಯ ಮಕ್ಕಳನ್ನೇ ಅಲ್ಲವೇ ನಾಯಿ ಕಚ್ಚುವುದು?

ಆದರೆ ಹದ್ದಿನಿಂದ ನಮಗೆ ಉಪಯೋಗವಿದೆ ಎಂಬ ಕಾರಣಕ್ಕೆ ಮಾತ್ರ ಅದು ಬದುಕಬೇಕೆಂದರೆ ಅದೂ ಸರಿಯಲ್ಲ. ಮೋಶೆಯ ನಿಯಮದಲ್ಲಿ ಹದ್ದು ತಿನ್ನಬಾರದ ಅಶುದ್ಧ ಪಕ್ಷಿ ನಿಜ. ಆದರೆ ನೋಹನ ನಾವೆಯಲ್ಲಿ ಅಶುದ್ಧ ಜೀವಿಗಳಿಗೂ ಜಾಗವಿತ್ತು. ದೇವರೇ ಹೇಳಿ ಹತ್ತಿಸಿದ್ದು. ಈಜಿಪ್ಟಿನಿಂದ ಬಿಡಿಸಿದ ಜನರನ್ನು ರೆಕ್ಕೆಗಳ ಮೇಲೆ ಹೊತ್ತು ತಂದೆನೆಂದು ದೇವರು ಹೇಳುವಾಗ ತಮ್ಮನ್ನು ಹೋಲಿಸಿಕೊಳ್ಳುವ ಹಕ್ಕಿಗೆ ಹೀಬ್ರೂ ಭಾಷೆಯಲ್ಲಿ ‘ನೆಶೆರ್’ ಎಂಬ ಹೆಸರು. ಅದು ಗರುಡನಿಗೂ ರಣಹದ್ದಿಗೂ ಸಲ್ಲುವ ಹೆಸರೆಂದು ಪಂಡಿತರು ಹೇಳುತ್ತಾರೆ. ಈ ಮಾತನ್ನು ಮೊದಲು ಕೇಳಿದ ದಿನ ನನಗೆ ನಮ್ಮೂರ ಹಳ್ಳದ ಬದಿಯೇ ಕಣ್ಣಮುಂದೆ ಬಂತು.

ಇನ್ನೊಂದು ಆಕ್ಷೇಪಣೆಯೂ ಬರಬಹುದು. ಕಥೋಲಿಕ ಪತ್ರಿಕೆಯಲ್ಲಿ ಬೌದ್ಧರನ್ನೂ ಮಠಗಳನ್ನೂ ಹೊಗಳುವುದೇಕೆ? ಅನ್ಯ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದುದನ್ನು ಧರ್ಮಸಭೆ ತಳ್ಳಿಹಾಕುವುದಿಲ್ಲ ಎಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲೇ ಸಾರಿತು, ಬೌದ್ಧ ಧರ್ಮವನ್ನು ಹೆಸರಿಸಿಯೇ ಸಾರಿತು. 1986ರಲ್ಲಿ ಐದು ಧರ್ಮಗಳ ಪ್ರತಿನಿಧಿಗಳೂ ವನ್ಯಜೀವಿ ಸಂರಕ್ಷಕರೂ ಒಟ್ಟಾಗಿ ಕುಳಿತದ್ದು ಸಂತ ಫ್ರಾನ್ಸಿಸರ ಅಸ್ಸಿಸಿಯಲ್ಲಿ. ಜಗದ್ಗುರು ಎರಡನೇ ಜಾನ್ ಪಾಲ್‌ರವರು 1990ರ ಶಾಂತಿ ದಿನದ ಸಂದೇಶವನ್ನು ಸೃಷ್ಟಿಯ ರಕ್ಷಣೆಗೇ ಮೀಸಲಿಟ್ಟರು. ದಿವಂಗತ ಜಗದ್ಗುರು ಫ್ರಾನ್ಸಿಸ್‌ರವರು 2015ರ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ, ನಮ್ಮಿಂದ ಅಳಿದುಹೋದ ಜೀವಿಗಳು ಇನ್ನು ದೇವರ ಮಹಿಮೆಯನ್ನು ಸಾರಲಾರವು ಎಂದು ನೊಂದು ಬರೆದರು. ಬೋಧನೆಗೆ ನಮ್ಮಲ್ಲಿ ಕೊರತೆಯಿಲ್ಲ. ಹಾರೋಬೆಲೆಯ ಕಪಾಲ ಬೆಟ್ಟವನ್ನು ಶುಭ ಶುಕ್ರವಾರ ಶಿಲುಬೆಯ ಹಾದಿ ಮಾಡುತ್ತ ಹತ್ತುವ ಜನ ನಾವು. ಬೆಟ್ಟವೊಂದು ಹೇಗೆ ಪವಿತ್ರವಾಗುತ್ತದೆ ಎಂಬುದು ನಮಗೂ ಗೊತ್ತು. (ಆ ಬೆಟ್ಟದ ಹೆಸರಿನಲ್ಲಿ 2020ರಲ್ಲಿ ಎದ್ದ ಗದ್ದಲವನ್ನು ಇಲ್ಲಿ ಎತ್ತುವುದಿಲ್ಲ.) ಆದರೆ ಧರ್ಮಕೇಂದ್ರವೊಂದರಲ್ಲಿ, ಹೆಸರು ಬೇಡ, ಹಬ್ಬಕ್ಕೆ ಬರುವ ವಾಹನ ನಿಲ್ಲಿಸಲೆಂದು ಅಜ್ಜನ ಕಾಲದ ಹುಣಸೆ ಮರವನ್ನು ಕಡಿಸಿದಾಗ ಸಭೆಯಲ್ಲಿ ಕುಳಿತಿದ್ದ ನಾನೂ ಬಾಯಿ ಬಿಡಲಿಲ್ಲ. ಅದರಲ್ಲಿ ಗೂಬೆಗಳಿದ್ದವು ಎಂಬುದು ನನಗೆ ಗೊತ್ತಿತ್ತು. ಪಾಪನಿವೇದನೆಗೆ ಕುಳಿತಾಗ ಸಿಟ್ಟು, ಸುಳ್ಳು, ಪೂಜೆ ತಪ್ಪಿಸಿದ್ದು ಎಲ್ಲ ನೆನಪಾಗುತ್ತವೆ. ಆ ಮರ ನಾಲಿಗೆಗೆ ಬರಲು ನನಗೆ ಎರಡು ವರ್ಷ ಬೇಕಾಯಿತು.

ಡೈಕ್ಲೋಫೆನಾಕಿನ ವಿಷಯವನ್ನು ಓದಿದ ಮೇಲೆ ಅಪ್ಪನಿಗೆ ಹೇಳಬೇಕೋ ಬೇಡವೋ ಎಂದು ಬಹಳ ದಿನ ತಡೆದೆ. ಎಂಬತ್ತು ದಾಟಿದ ಜೀವಕ್ಕೆ ಏಕೆ ಈ ಹೊರೆ ಎನಿಸಿತು. ಕೊನೆಗೊಂದು ಸಂಜೆ ಜಗಲಿಯಲ್ಲಿ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಅದ್ರ ನೋವು ಕಮ್ಮಿ ಆಗ್ಲಿ ಅಂತ ಚುಚ್ಚಿಸ್ದೆ ಕಣಪ್ಪ” ಎಂದರು, ನನಗಲ್ಲ, ಇನ್ಯಾರಿಗೋ ಹೇಳಿದಂತೆ.

ಮರುದಿನ ಬೆಳಿಗ್ಗೆ ಕೋಲೂರಿಕೊಂಡು ಬಂದು ಒಂದು ಚೀಟಿ ಮುಂದೆ ಹಿಡಿದರು. ಪಕ್ಕದ ಮನೆಯವರ ಎಮ್ಮೆ ಕುಂಟುತ್ತಿತ್ತು. “ಹದ್ದಿಗೆ ಏನೂ ಆಗ್ದಿರೋ ಮದ್ದು ಯಾವ್ದು ಅಂದೆ? ದಪ್ಪಕ್ಷರದಲ್ಲಿ ಬರ್ಕೊಡು.” ಮೆಲಾಕ್ಸಿಕಾಂ ಎಂದು ಬರೆದುಕೊಟ್ಟೆ. ಅವರು ಅದನ್ನು ಎರಡು ಸಲ ಓದಿಸಿಕೊಂಡು, ಮಡಿಸಿ, ಜಪಸರದ ಡಬ್ಬಿಯಲ್ಲಿಟ್ಟುಕೊಂಡು ಪಕ್ಕದ ಮನೆಯ ಕಡೆ ನಡೆದರು.